ಬಟವಾಡೆ ನಿಲ್ಲಿಸದ ವಿಶ್ವವಿದ್ಯಾಲಯ: ಎಸ್‌ಎಂಯು ಫುಟ್‌ಬಾಲ್ ಪ್ರಕರಣ

1987ರ ಫೆಬ್ರವರಿ 25. ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸ್ ನಗರ. ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿಯ (ಎಸ್‌ಎಂಯು) ಆವರಣದಲ್ಲಿ ಕರೆದಿದ್ದ ಪತ್ರಿಕಾಗೋಷ್ಠಿಯಲ್ಲಿ, ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಎನ್‌ಸಿಎಎಯ ಜಾರಿ ವಿಭಾಗದ ನಿರ್ದೇಶಕ ಡೇವಿಡ್ ಬರ್ಸ್ಟ್ ಒಂದು ಆದೇಶ ಪ್ರಕಟಿಸಿದರು. ಆ ವರ್ಷ ಎಸ್‌ಎಂಯು ಫುಟ್‌ಬಾಲ್ ಆಡುವಂತಿಲ್ಲ. ಒಂದೇ ಒಂದು ಪಂದ್ಯವೂ ಇಲ್ಲ. ಪ್ರಕಟಣೆ ಮುಗಿಸಿ ಪತ್ರಕರ್ತರಿಗೆ ಉತ್ತರ ಹೇಳುತ್ತಿದ್ದ ಬರ್ಸ್ಟ್ ಅಲ್ಲೇ ತಲೆಸುತ್ತಿ ಕುಸಿದು ಬಿದ್ದರು. ಶಿಕ್ಷೆ ಕೊಡಲು ಬಂದವರೇ ಪ್ರಜ್ಞೆ ತಪ್ಪಿದ ಆ ದೃಶ್ಯ ದೇಶದ ಟಿವಿಗಳಲ್ಲೆಲ್ಲ ಬಂತು.

ಈ ಶಿಕ್ಷೆಗೆ ಅಮೆರಿಕದ ಕ್ರೀಡಾಲೋಕದಲ್ಲಿ ‘ಮರಣದಂಡನೆ’ ಎಂದೇ ಹೆಸರು. ಅದಕ್ಕೆ ಮುಂಚೆ ಕೆಂಟಕಿ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ 1952-53ರಲ್ಲಿ, ಸೌತ್‌ವೆಸ್ಟರ್ನ್ ಲೂಸಿಯಾನ ತಂಡ 1973ರಿಂದ ಎರಡು ಋತು ಮೈದಾನದಿಂದ ಹೊರಗಿದ್ದವು. ಮೊದಲ ದರ್ಜೆಯ ಫುಟ್‌ಬಾಲ್ ತಂಡವೊಂದಕ್ಕೆ ಇಂಥ ಶಿಕ್ಷೆ ಆದದ್ದು ಅದೇ ಮೊದಲು, ಈವರೆಗೆ ಅದೇ ಕೊನೆ. ಹಾಗಾಗಿ ಎಸ್‌ಎಂಯು ಮಾತು ಬಂದಾಗಲೆಲ್ಲ ಶಿಕ್ಷೆ ಎಷ್ಟು ಘೋರ ಎನ್ನುವುದರ ಸುತ್ತಲೇ ಚರ್ಚೆ ಸುತ್ತುತ್ತದೆ. ನನ್ನ ಗಮನ ಇರುವುದು ಅದಕ್ಕೂ ಒಂದೂವರೆ ವರ್ಷ ಹಿಂದೆ, 1985ರ ಆಗಸ್ಟ್‌ನಲ್ಲಿ, ಬಾಗಿಲು ಹಾಕಿಕೊಂಡು ಮಾಡಿದ ಒಂದು ತೀರ್ಮಾನದ ಮೇಲೆ. ಆಟಗಾರರಿಗೆ ಗುಟ್ಟಾಗಿ ಹಣ ಹೋಗುತ್ತಿದೆ ಎಂದು ಗೊತ್ತಿದ್ದ ದೊಡ್ಡವರು, ಅದನ್ನು ನಿಲ್ಲಿಸುವುದು ಬೇಡ ಎಂದು ನಿರ್ಧರಿಸಿದರು. ಆ ತೀರ್ಮಾನ ಮಾಡಿದವರಿಗೂ ಅದರ ಬೆಲೆ ತೆತ್ತವರಿಗೂ ಸಂಬಂಧವೇ ಇರಲಿಲ್ಲ. ಈ ಪ್ರಕರಣವನ್ನು ಈಗಲೂ ಕೂತು ಓದಬೇಕಾದದ್ದು ಆ ಕಾರಣಕ್ಕೆ.

ಹಿನ್ನೆಲೆ

ನಮ್ಮಲ್ಲಿ ಅಂತರ-ವಿಶ್ವವಿದ್ಯಾಲಯ ಪಂದ್ಯ ನಡೆದರೆ ನೋಡಲು ಸಹಪಾಠಿಗಳು ಬಂದರೇ ಹೆಚ್ಚು. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್, ಅಂದರೆ ಹೆಲ್ಮೆಟ್ ಹಾಕಿಕೊಂಡು ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಅವರ ಆಟ, ಟಿವಿ ಹಣ, ತುಂಬಿದ ಕ್ರೀಡಾಂಗಣ, ಹಳೆ ವಿದ್ಯಾರ್ಥಿಗಳ ದೇಣಿಗೆ ಎಲ್ಲ ಕೂಡಿದ ದೊಡ್ಡ ವ್ಯವಹಾರ. ಡಲ್ಲಾಸ್ ಕೌಬಾಯ್ಸ್ ಎಂಬ ವೃತ್ತಿಪರ ತಂಡ ಆಡುತ್ತಿದ್ದ ಟೆಕ್ಸಸ್ ಸ್ಟೇಡಿಯಂನಲ್ಲೇ ಆಗ ಎಸ್‌ಎಂಯು ಹುಡುಗರೂ ಆಡುತ್ತಿದ್ದರು. ಕೋಚ್‌ಗಳಿಗೆ ದೊಡ್ಡ ಸಂಬಳ. ಆಡುವ ಹುಡುಗರಿಗೆ ಮಾತ್ರ ಸ್ಕಾಲರ್‌ಶಿಪ್, ಎಂದರೆ ಫೀಸು, ಪುಸ್ತಕ, ಊಟ, ವಸತಿ. ಅದಕ್ಕಿಂತ ಒಂದು ಡಾಲರ್ ಹೆಚ್ಚು ಕೊಟ್ಟರೂ ಎನ್‌ಸಿಎಎ ನಿಯಮದ ಪ್ರಕಾರ ಅಪರಾಧ. ಹುಡುಗರು ಹವ್ಯಾಸಿಗಳು, ಓದಲು ಬಂದವರು ಎಂಬುದು ಆ ನಿಯಮದ ತಳಪಾಯ.

ಈ ನಿಯಮ ನ್ಯಾಯವಾಗಿತ್ತೇ? ನನ್ನ ಮಟ್ಟಿಗೆ ಇರಲಿಲ್ಲ. ಸ್ಟೇಡಿಯಂ ತುಂಬಿಸುವವನ ಜೇಬು ಖಾಲಿ, ಅವನ ಬೆವರಿನ ಮೇಲೆ ನಿಂತವರ ಜೇಬು ಭರ್ತಿ ಎಂಬ ವ್ಯವಸ್ಥೆ ಎಷ್ಟು ದಿನ ತಾನೇ ನಿಲ್ಲುತ್ತದೆ? ಆದರೆ ಈ ವಾದವನ್ನು ಎಸ್‌ಎಂಯು ಪ್ರಕರಣದಲ್ಲಿ ಹಣ ಕೊಟ್ಟವರ ಪರವಾಗಿ ಬಳಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರಲ್ಲಿ ಯಾರೂ ಎನ್‌ಸಿಎಎ ಅಧಿವೇಶನದಲ್ಲಿ ಎದ್ದು ನಿಂತು ‘ಹುಡುಗರಿಗೆ ನ್ಯಾಯವಾಗಿ ಸಂಬಳ ಕೊಡೋಣ’ ಎನ್ನಲಿಲ್ಲ. ನಿಯಮ ಹಾಗೇ ಇರಲಿ, ಪಕ್ಕದ ಕಾಲೇಜು ಅದನ್ನು ಪಾಲಿಸಲಿ, ನಾವು ಮುರಿದು ಗೆಲ್ಲೋಣ ಎಂದರು. ಕೊಟ್ಟ ಹಣಕ್ಕೆ ರಸೀದಿ ಇಲ್ಲ, ಒಪ್ಪಂದ ಇಲ್ಲ. ನಾಳೆ ಮೊಣಕಾಲು ಮುರಿದರೆ ಕೇಳುವ ಹಕ್ಕೂ ಆ ಹುಡುಗನಿಗಿಲ್ಲ.

ಎಸ್‌ಎಂಯು 1911ರಲ್ಲಿ ಶುರುವಾದ ಖಾಸಗಿ ಸಂಸ್ಥೆ, ಮೆಥಡಿಸ್ಟ್ ಚರ್ಚಿನ ನೆರಳಲ್ಲಿ ಬೆಳೆದದ್ದು. ಅದು ಆಡುತ್ತಿದ್ದ ಸೌತ್‌ವೆಸ್ಟ್ ಕಾನ್ಫರೆನ್ಸ್ ಎಂಬ ಕಾಲೇಜು ತಂಡಗಳ ಒಕ್ಕೂಟದಲ್ಲಿ ಅರ್ಕನ್ಸಾ ಒಂದನ್ನು ಬಿಟ್ಟರೆ ಉಳಿದವೆಲ್ಲ ಟೆಕ್ಸಸ್ಸಿನವೇ. ಡಲ್ಲಾಸ್‌ನ ಒಂದೇ ಬ್ಯಾಂಕಿನಲ್ಲಿ, ಒಂದೇ ತೈಲ ಕಂಪನಿಯಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯ, ಟೆಕ್ಸಸ್ ಎ ಆ್ಯಂಡ್ ಎಂ, ಎಸ್‌ಎಂಯು ಮೂರರ ಹಳೆ ವಿದ್ಯಾರ್ಥಿಗಳೂ ಅಕ್ಕಪಕ್ಕ ಕೂತು ಕೆಲಸ ಮಾಡುವವರು. ಶನಿವಾರ ಸೋತರೆ ಸೋಮವಾರ ಆಫೀಸಿನಲ್ಲಿ ತಲೆ ಎತ್ತುವಂತಿಲ್ಲ. ಎಂಬತ್ತರ ದಶಕದ ಶುರುವಿನಲ್ಲಿ ತೈಲ ಮತ್ತು ರಿಯಲ್ ಎಸ್ಟೇಟ್ ದುಡ್ಡು ಆ ನಗರದಲ್ಲಿ ಹೊಳೆಯಾಗಿ ಹರಿಯುತ್ತಿತ್ತು. ತಂಡದ ಬೆನ್ನಿಗೆ ನಿಂತ ಇಂಥ ಸಿರಿವಂತ ಅಭಿಮಾನಿಗಳಿಗೆ ಅಲ್ಲಿ ‘ಬೂಸ್ಟರ್’ ಎನ್ನುತ್ತಾರೆ. ಹೈಸ್ಕೂಲಿನ ಒಳ್ಳೆಯ ಆಟಗಾರನ ಮನೆಗೆ ಬೂಸ್ಟರ್‌ಗಳು ಹೋಗುವುದು, ಕೈಗೆ ನಗದು, ಮನೆಮುಂದೆ ಕಾರು, ಅಪ್ಪನಿಗೆ ಕೆಲಸ ಇವೆಲ್ಲ ಆಗ ಟೆಕ್ಸಸ್ಸಿನಲ್ಲಿ ಎಸ್‌ಎಂಯು ಒಂದರದೇ ಚಾಳಿ ಆಗಿರಲಿಲ್ಲ. ಆ ದಶಕದಲ್ಲಿ ಕಾನ್ಫರೆನ್ಸಿನ ಬಹುಪಾಲು ತಂಡಗಳು ಒಂದಲ್ಲ ಒಂದು ತನಿಖೆಗೆ ಸಿಕ್ಕಿಬಿದ್ದಿವೆ.

1976ರಲ್ಲಿ ಕೋಚ್ ಆಗಿ ಬಂದ ರಾನ್ ಮೇಯರ್ ಹಳ್ಳಿಹಳ್ಳಿ ಸುತ್ತಿ ಹುಡುಗರನ್ನು ತಂದರು. ಎರಿಕ್ ಡಿಕರ್‌ಸನ್, ಕ್ರೇಗ್ ಜೇಮ್ಸ್ ಜೋಡಿ ‘ಪೋನಿ ಎಕ್ಸ್‌ಪ್ರೆಸ್’ ಎಂದು ಹೆಸರಾಯಿತು. 1981, 1982, 1984ರಲ್ಲಿ ಕಾನ್ಫರೆನ್ಸ್ ಪ್ರಶಸ್ತಿ ಬಂತು. 1982ರಲ್ಲಂತೂ ಬಾಬಿ ಕಾಲಿನ್ಸ್ ಕೋಚಿಂಗ್‌ನಲ್ಲಿ ತಂಡ ಒಂದೂ ಪಂದ್ಯ ಸೋಲಲಿಲ್ಲ. ಅರ್ಕನ್ಸಾ ಜೊತೆ 17-17ರ ಒಂದು ಸಮ, ಉಳಿದ 11 ಗೆಲುವು. ಋತುವಿನ ಕೊನೆಗೆ ಆಯ್ದ ತಂಡಗಳಿಗೆ ನಡೆಯುವ ಪ್ರತಿಷ್ಠಿತ ‘ಬೌಲ್’ ಪಂದ್ಯಗಳಲ್ಲಿ ಒಂದಾದ ಕಾಟನ್ ಬೌಲ್‌ನಲ್ಲಿ ಪಿಟ್ಸ್‌ಬರ್ಗ್ ತಂಡವನ್ನು 7-3ರಿಂದ ಸೋಲಿಸಿ ದೇಶದಲ್ಲಿ ಎರಡನೇ ಸ್ಥಾನ ಪಡೆಯಿತು. ಎಪ್ಪತ್ತರ ದಶಕದ ನಡುವಿನಿಂದಲೇ ಎನ್‌ಸಿಎಎ ಈ ಸಂಸ್ಥೆಯನ್ನು ಮತ್ತೆ ಮತ್ತೆ ಪ್ರೊಬೇಷನ್‌ನಲ್ಲಿ, ಅಂದರೆ ನಿಗಾದಲ್ಲಿ, ಇಡುತ್ತಾ ಬಂದಿತ್ತು. ಪ್ರತಿ ಸಲ ಒಂದಿಷ್ಟು ತಲೆ ತಗ್ಗಿಸುವುದು, ಮುಂದಿನ ವರ್ಷ ಮತ್ತೆ ಅದೇ ಕೆಲಸ.

ಆಗಸ್ಟ್ 1985

ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ಕಡೆಯ ಒಬ್ಬ ಹುಡುಗ ಎಸ್‌ಎಂಯು ಸೇರಿ, ಬೇಗನೆ ಬಿಟ್ಟುಹೋದ. ಸೇರಲು ತನಗೆ 5,000 ಡಾಲರ್ ನಗದು ಕೊಟ್ಟರು, ಕುಟುಂಬವನ್ನು ಡಲ್ಲಾಸ್‌ಗೆ ಕರೆಸಿಕೊಂಡರು ಎಂದು ಎನ್‌ಸಿಎಎ ತನಿಖಾಧಿಕಾರಿಗಳಿಗೆ ಹೇಳಿದ. ಅದರ ಫಲ 1985ರ ಆಗಸ್ಟ್‌ನಲ್ಲಿ ಬಂತು. ಮೂರು ವರ್ಷ ಪ್ರೊಬೇಷನ್, ಎರಡು ಋತು ಬೌಲ್ ಪಂದ್ಯಗಳಿಲ್ಲ, 1986ರಲ್ಲಿ ಟಿವಿ ನೇರ ಪ್ರಸಾರ ಇಲ್ಲ, ಎರಡು ವರ್ಷದಲ್ಲಿ 45 ಸ್ಕಾಲರ್‌ಶಿಪ್ ಕಡಿತ. ಹಲವು ಬೂಸ್ಟರ್‌ಗಳಿಗೆ ತಂಡದ ಸಹವಾಸವೇ ಬೇಡ ಎಂಬ ನಿಷೇಧವೂ ಆಯಿತು.

ಅದೇ ಜೂನ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ವಿಶೇಷ ಅಧಿವೇಶನ ಸೇರಿದ್ದ ಎನ್‌ಸಿಎಎ ಹೊಸ ನಿಯಮವೊಂದನ್ನು ತಂದಿತ್ತು. ಐದು ವರ್ಷದೊಳಗೆ ಎರಡನೇ ಸಲ ದೊಡ್ಡ ತಪ್ಪು ಮಾಡಿ ಸಿಕ್ಕಿಬಿದ್ದರೆ ಆ ಆಟವನ್ನೇ ಎರಡು ಋತುವಿನವರೆಗೆ ನಿಲ್ಲಿಸಬಹುದು. ನೇಣಿನ ಕುಣಿಕೆ ಕಣ್ಣೆದುರಿಗೇ ತೂಗುತ್ತಿತ್ತು. ಯಾರಿಗೂ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಆ ಹೊತ್ತಿಗೆ ಬೂಸ್ಟರ್ ಒಬ್ಬರ ಹಣದಿಂದ 13 ಆಟಗಾರರಿಗೆ ತಿಂಗಳು ತಿಂಗಳು ದುಡ್ಡು ಹೋಗುತ್ತಿತ್ತು. ಒಬ್ಬನಿಗೆ 50 ಡಾಲರ್, ಇನ್ನೊಬ್ಬನಿಗೆ 725 ಡಾಲರ್, ಹೀಗೆ ಅವರವರಿಗೆ ಕೊಟ್ಟ ಮಾತಿನ ಪ್ರಕಾರ. ಶಿಕ್ಷೆ ಬಂದ ಮೇಲೆ ಇದನ್ನು ಏನು ಮಾಡುವುದು? ಆಡಳಿತ ಮಂಡಳಿಯ ಅಧ್ಯಕ್ಷ ಬಿಲ್ ಕ್ಲೆಮೆಂಟ್ಸ್. ತೈಲಬಾವಿ ಕೊರೆಯುವ ಉದ್ಯಮದಲ್ಲಿ ಹಣ ಮಾಡಿದವರು, 1979ರಿಂದ 1983ರವರೆಗೆ ಟೆಕ್ಸಸ್ ಗವರ್ನರ್ ಆಗಿದ್ದವರು. ಅಮೆರಿಕದ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತಲ್ಲ, ಜನರೇ ಓಟು ಹಾಕಿ ಆರಿಸುವ, ಸರ್ಕಾರ ನಡೆಸುವ ಮುಖ್ಯಸ್ಥ. ಅಥ್ಲೆಟಿಕ್ ಡೈರೆಕ್ಟರ್ ಬಾಬ್ ಹಿಚ್ ಜೊತೆ ಕ್ಲೆಮೆಂಟ್ಸ್ ಮಾತಾಡಿದರು. ಒಂದೇ ಏಟಿಗೆ ನಿಲ್ಲಿಸುವುದು ಬೇಡ, ಮಾತು ಕೊಟ್ಟ ಹುಡುಗರು ಓದು ಮುಗಿಸಿ ಹೋಗುವವರೆಗೆ ನಡೆಯಲಿ, ಹೊಸಬರಿಗೆ ಕೊಡುವುದು ಬೇಡ ಎಂಬ ಸೂತ್ರಕ್ಕೆ ಬಂದರು. ‘ಬಟವಾಡೆ ಮಾಡಲೇಬೇಕಲ್ಲ’ ಎಂಬರ್ಥದ ಮಾತು ಕ್ಲೆಮೆಂಟ್ಸ್ ಅವರದೆಂದು ಪ್ರಕರಣದ ಉದ್ದಕ್ಕೂ ಉಲ್ಲೇಖವಾಗಿದೆ.

ಆ ಸೂತ್ರವನ್ನು ಕೇಳಲು ಮರ್ಯಾದಸ್ಥರ ಮಾತಿನಂತಿದೆ. ಕೊಟ್ಟ ಮಾತು ಉಳಿಸಿಕೊಳ್ಳಬೇಕು, ಬಡ ಮನೆಯ ಹುಡುಗರನ್ನು ನಡುನೀರಲ್ಲಿ ಕೈಬಿಡಬಾರದು. ಆದರೆ ಆ ಕೋಣೆಯಲ್ಲಿದ್ದ ಭಯ ಬೇರೆಯೇ. ಹಣ ನಿಂತರೆ ಹುಡುಗರು ಬಾಯಿ ಬಿಡುತ್ತಾರೆ, ಪಿಟ್ಸ್‌ಬರ್ಗ್ ಹುಡುಗ ಬಾಯಿ ಬಿಟ್ಟಿದ್ದಕ್ಕೇ ಇಷ್ಟಾಯಿತು, ಇನ್ನು ಹದಿಮೂರು ಮಂದಿ ಬಿಟ್ಟರೆ? ಆಟವಾಡಲು ಕೊಡುತ್ತಿದ್ದ ಹಣ ಆ ದಿನದಿಂದ ಬಾಯಿ ಮುಚ್ಚಿಸುವ ಹಣವಾಯಿತು ಎಂದೇ ನಾನು ಓದಿಕೊಂಡಿದ್ದೇನೆ. ತಪ್ಪು ನಡೆಯುತ್ತಿದ್ದಾಗ ಕಣ್ಣು ಮುಚ್ಚಿಕೊಂಡಿದ್ದ ಮಂಡಳಿ, ತಪ್ಪು ಸಿಕ್ಕಿಬಿದ್ದ ಮೇಲೆ ಅದರ ಯಜಮಾನಿಕೆ ವಹಿಸಿಕೊಂಡಿತು.

ಬೇರೆ ದಾರಿಯೇ ಇರಲಿಲ್ಲವೇ? ಇತ್ತು. ಮುಂದಿನ ತಿಂಗಳೇ, ಪಕ್ಕದ ಫೋರ್ಟ್ ವರ್ತ್‌ನಲ್ಲೇ ಅದು ಕಾಣಿಸಿತು. ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿಯ (ಟಿಸಿಯು) ಕೋಚ್ ಜಿಮ್ ವ್ಯಾಕರ್‌ಗೆ ತನ್ನ ಆಟಗಾರರು ಬೂಸ್ಟರ್‌ಗಳಿಂದ ಹಣ ಪಡೆಯುತ್ತಿದ್ದಾರೆ ಎಂದು ತಿಳಿಯಿತು. ತಾನಾಗಿಯೇ ಎನ್‌ಸಿಎಎಗೆ ವರದಿ ಮಾಡಿದರು. ತಂಡದ ದೊಡ್ಡ ತಾರೆ, ದೇಶದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಗೆ ಹೆಸರು ಕೇಳಿಬರುತ್ತಿದ್ದ ಕೆನೆತ್ ಡೇವಿಸ್ ಸೇರಿ ಹಲವು ಆಟಗಾರರನ್ನು ಋತುವಿನ ಆರಂಭದಲ್ಲೇ ತಂಡದಿಂದ ಹೊರಗಿಟ್ಟರು. ಆದರೆ ಎನ್‌ಸಿಎಎ ಮೆಚ್ಚಿ ಬಿಟ್ಟುಬಿಡಲಿಲ್ಲ. ಮರುವರ್ಷ ಟಿಸಿಯುಗೂ ಪ್ರೊಬೇಷನ್, ಸ್ಕಾಲರ್‌ಶಿಪ್ ಕಡಿತ, ಟಿವಿ ಹಣ ವಾಪಸು ಎಲ್ಲ ಆಯಿತು. ತಂಡ ವರ್ಷಗಟ್ಟಲೆ ಏಳಲಿಲ್ಲ. ತಾನಾಗಿ ಬಂದು ಸತ್ಯ ಹೇಳಿದವನಿಗೂ ಇಷ್ಟು ಹೊಡೆತ ಬಿದ್ದರೆ ಮುಂದೆ ಯಾರು ಹೇಳುತ್ತಾರೆ ಎಂಬ ಪ್ರಶ್ನೆಗೆ ಎನ್‌ಸಿಎಎ ಉತ್ತರ ಕೊಡಬೇಕಿತ್ತು. ಎಸ್‌ಎಂಯುವಿನ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಆದರೆ ಬಚ್ಚಿಡುವುದೇ ಲಾಭ ಎಂದು ಅವರಿಗೆ ಅನ್ನಿಸುವಂಥ ಲೆಕ್ಕವನ್ನು ಬರೆದುಕೊಟ್ಟದ್ದು ಶಿಕ್ಷೆ ಕೊಡುವ ಸಂಸ್ಥೆಯೇ.

ಲಕೋಟೆ

1986ರ ನವೆಂಬರ್ 4ರಂದು ಕ್ಲೆಮೆಂಟ್ಸ್ ಮತ್ತೊಮ್ಮೆ ಗವರ್ನರ್ ಆಗಿ ಆಯ್ಕೆಯಾದರು. ಎಂಟು ದಿನ ಕಳೆದು, ನವೆಂಬರ್ 12ರಂದು, ಡಲ್ಲಾಸ್‌ನ ಡಬ್ಲ್ಯುಎಫ್‌ಎಎ ಟಿವಿ ಚಾನೆಲ್ ಒಂದು ವಿಶೇಷ ಕಾರ್ಯಕ್ರಮ ಬಿತ್ತರಿಸಿತು. ನಿರ್ಮಾಪಕ ಜಾನ್ ಸ್ಪಾರ್ಕ್ಸ್, ಸಂದರ್ಶನ ಮಾಡಿದವರು ಕ್ರೀಡಾ ವಿಭಾಗದ ಡೇಲ್ ಹ್ಯಾನ್ಸನ್. ತಂಡದಲ್ಲಿ ಲೈನ್‌ಬ್ಯಾಕರ್ ಆಗಿದ್ದು ಹೊರಬಿದ್ದಿದ್ದ ಡೇವಿಡ್ ಸ್ಟ್ಯಾನ್ಲಿ ಕ್ಯಾಮೆರಾ ಮುಂದೆ ಹೇಳಿದ: ಎಸ್‌ಎಂಯು ಸೇರಲು ನನಗೆ 25,000 ಡಾಲರ್ ಕೊಟ್ಟರು, ಆಮೇಲೆ ತಿಂಗಳಿಗೆ 750 ಡಾಲರ್ ನನಗೂ ನಮ್ಮ ಮನೆಯವರಿಗೂ ಬರುತ್ತಿತ್ತು.

ಆ ಕಾರ್ಯಕ್ರಮದ ಒಂದು ಭಾಗವನ್ನು ಪತ್ರಿಕೋದ್ಯಮ ಕಲಿಯುವವರು ನೋಡಲೇಬೇಕು. ಒಂದೇ ಕೋಣೆಯಲ್ಲಿ ಕೋಚ್ ಕಾಲಿನ್ಸ್, ಡೈರೆಕ್ಟರ್ ಹಿಚ್, ಆಟಗಾರರ ನೇಮಕ ನೋಡಿಕೊಳ್ಳುತ್ತಿದ್ದ ಹೆನ್ರಿ ಲೀ ಪಾರ್ಕರ್ ಮೂವರೂ ಕೂತಿದ್ದಾರೆ. ಹಣ ಕೊಟ್ಟಿದ್ದೀರಾ ಎಂದರೆ ಇಲ್ಲ ಎನ್ನುತ್ತಿದ್ದಾರೆ. ಹ್ಯಾನ್ಸನ್ ಒಂದು ಲಕೋಟೆ ತೆಗೆದರು. ಸ್ಟ್ಯಾನ್ಲಿಯ ಮನೆಗೆ ಹೋದ ಲಕೋಟೆ ಅದು, ಕಳಿಸಿದವರ ಜಾಗದಲ್ಲಿ ಪಾರ್ಕರ್ ಅವರ ಹೆಸರಿನ ಮೊದಲಕ್ಷರಗಳು. ಅಂಚೆ ಮುದ್ರೆ 1985ರ ಅಕ್ಟೋಬರ್‌ನದು, ಅಂದರೆ ಆಗಸ್ಟ್‌ನ ಶಿಕ್ಷೆಯ ನಂತರದ್ದು. ಪಾರ್ಕರ್ ಅದನ್ನು ಕೈಗೆ ತೆಗೆದುಕೊಂಡು ನೋಡಿದರು, ಮೊದಲಿಗೆ ತಮ್ಮ ಬರಹವೇ ಎನ್ನುವಂತೆ ಒಪ್ಪಿಕೊಂಡರು. ಅಷ್ಟರಲ್ಲಿ ಎಚ್ಚರವಾಯಿತು. ಹಿಂದೆ ಸರಿದರು. ಮೂವರ ಮುಖದಲ್ಲಿ ಆ ಕೆಲವು ಕ್ಷಣ ಓಡಾಡುವ ಲೆಕ್ಕಾಚಾರ ಯಾವ ತನಿಖಾ ವರದಿಗಿಂತಲೂ ಸ್ಪಷ್ಟವಾಗಿದೆ. ಹ್ಯಾನ್ಸನ್ ಕಿರುಚಲಿಲ್ಲ, ಮೇಜು ಕುಟ್ಟಲಿಲ್ಲ. ಕೈಯಲ್ಲಿ ಲಕೋಟೆ ಇತ್ತು, ಅದರ ಮೇಲಿನ ದಿನಾಂಕ ಗೊತ್ತಿತ್ತು.

ಎರಡು ದಿನದಲ್ಲಿ ‘ಡಲ್ಲಾಸ್ ಮಾರ್ನಿಂಗ್ ನ್ಯೂಸ್’ ಪತ್ರಿಕೆ ಮತ್ತೊಂದು ಸುದ್ದಿ ಹಾಕಿತು. ನಿಷೇಧಕ್ಕೆ ಒಳಗಾಗಿದ್ದ ಬೂಸ್ಟರ್ ಒಬ್ಬರ ಅಪಾರ್ಟ್‌ಮೆಂಟಿನಲ್ಲಿ ತಂಡದ ಹಾಲಿ ಆಟಗಾರನೊಬ್ಬ ಬಾಡಿಗೆ ಇಲ್ಲದೆ ಇದ್ದಾನೆ ಎಂದು. ಊರಿನ ಅಭಿಮಾನಿಗಳ ಕೋಪ ಹಣ ಕೊಟ್ಟವರ ಮೇಲೆ ತಿರುಗುವ ಬದಲು ಸ್ಟ್ಯಾನ್ಲಿಯ ಮೇಲೆ, ಹ್ಯಾನ್ಸನ್ ಮೇಲೆ ತಿರುಗಿತು. ಆದರೆ ಎಸ್‌ಎಂಯು ಅಧ್ಯಾಪಕರು ಸುಮ್ಮನಿರಲಿಲ್ಲ. ಈ ಅರೆ-ವೃತ್ತಿಪರ ಆಟದ ವ್ಯವಹಾರವನ್ನೇ ಮುಚ್ಚಿ ಎಂದು ಸಹಿ ಹಾಕಿದರು. ಒಂದೊಂದಾಗಿ ಕುರ್ಚಿಗಳು ಖಾಲಿಯಾದವು. ವಿಶ್ವವಿದ್ಯಾಲಯದ ಪ್ರೆಸಿಡೆಂಟ್ ಡೊನಾಲ್ಡ್ ಶೀಲ್ಡ್ಸ್ (ನಮ್ಮ ಲೆಕ್ಕದಲ್ಲಿ ಕುಲಪತಿ) ಅನಾರೋಗ್ಯದ ಕಾರಣ ಕೊಟ್ಟು ನವೆಂಬರ್‌ನಲ್ಲಿ ಹೊರನಡೆದರು. ಡಿಸೆಂಬರ್ ಮೊದಲ ವಾರ ಹಿಚ್ ಮತ್ತು ಕಾಲಿನ್ಸ್ ರಾಜೀನಾಮೆ ಕೊಟ್ಟರು.

ತೀರ್ಪು, ಮತ್ತು ತೀರ್ಪಿನಲ್ಲಿ ಇಲ್ಲದ ಹೆಸರು

ಧರ್ಮಗಳ ಅಧ್ಯಯನ ವಿಭಾಗದ ಪ್ರೊಫೆಸರ್ ಲಾನಿ ಕ್ಲೀವರ್ ಆಗ ಕ್ರೀಡೆಗೆ ಸಂಬಂಧಿಸಿದಂತೆ ಅಧ್ಯಾಪಕರ ಪ್ರತಿನಿಧಿ. ವಿಶ್ವವಿದ್ಯಾಲಯದ ಒಳಗಿನ ತನಿಖೆ ಅವರ ಹೆಗಲಿಗೆ ಬಿತ್ತು. ಆಟಗಾರರನ್ನೂ ಹಣ ಕೊಟ್ಟವರನ್ನೂ ಮಾತಿಗೆ ಕೂರಿಸಿ, ಹೆಸರು ಹೊರಬಿಡುವುದಿಲ್ಲ ಎಂಬ ಭರವಸೆ ಕೊಟ್ಟು, ಲೆಕ್ಕವನ್ನು ಹೊರತೆಗೆದರು. ಎನ್‌ಸಿಎಎ ಮುಂದೆ ಅದನ್ನು ಮುಚ್ಚುಮರೆ ಇಲ್ಲದೆ ಇಟ್ಟರು. 1985-86ರ ಶೈಕ್ಷಣಿಕ ವರ್ಷದಲ್ಲಿ 13 ಆಟಗಾರರಿಗೆ ಸುಮಾರು 47,000 ಡಾಲರ್. 1986ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ 8 ಮಂದಿಗೆ ಸುಮಾರು 14,000 ಡಾಲರ್. ಟಿವಿ ಕಾರ್ಯಕ್ರಮ ಬಂದದ್ದು ನವೆಂಬರ್‌ನಲ್ಲಿ ಎನ್ನುವುದನ್ನು ನೆನಪಿಟ್ಟುಕೊಂಡು ಆ ಕೊನೆಯ ತಿಂಗಳನ್ನು ಓದಬೇಕು.

ಕ್ಲೀವರ್ ಅವರ ಸಹಕಾರದಿಂದಾಗಿಯೇ ಗರಿಷ್ಠ ಶಿಕ್ಷೆಯಾದ ಎರಡು ಪೂರ್ಣ ಋತುವಿನ ನಿಷೇಧ ಆಗಲಿಲ್ಲ. 1987 ಪೂರ್ತಿ ರದ್ದು. 1988ರಲ್ಲಿ ತವರಿನಲ್ಲಿ ಪಂದ್ಯವಿಲ್ಲ, ಹೊರಗೆ ಏಳು ಆಡಬಹುದು. ನಾಲ್ಕು ವರ್ಷದಲ್ಲಿ 55 ಸ್ಕಾಲರ್‌ಶಿಪ್ ಕಡಿತ. ಒಂಬತ್ತು ಸಹಾಯಕ ಕೋಚ್‌ಗಳ ಜಾಗದಲ್ಲಿ ಐದು. ಪ್ರೊಬೇಷನ್ 1990ರವರೆಗೆ. ಸುಳ್ಳು, ವಂಚನೆ, ನಿಯಮಭಂಗದ ಪರಂಪರೆಯ ಮೇಲೆ ಕಟ್ಟಿದ ತಂಡವಿದು ಎಂದು ಎನ್‌ಸಿಎಎ ಸಮಿತಿ ಕಟುವಾಗಿ ಬರೆಯಿತು. ತಂಡ ಕಟ್ಟಲು ಆಗುವುದೇ ಇಲ್ಲ ಎಂದು ಎಸ್‌ಎಂಯು ಏಪ್ರಿಲ್‌ನಲ್ಲಿ 1988ರ ಋತುವನ್ನೂ ತಾನೇ ಕೈಬಿಟ್ಟಿತು.

ಸಮಿತಿಯ ವರದಿ ದೂರಿದ್ದು ಒಬ್ಬ ಬೂಸ್ಟರನ್ನು, ಮತ್ತು ಅಥ್ಲೆಟಿಕ್ ವಿಭಾಗದ ಕೆಲವು ಪ್ರಮುಖ ಸಿಬ್ಬಂದಿಯನ್ನು. ಆಡಳಿತ ಮಂಡಳಿಯ ಹೆಸರು ಅದರಲ್ಲಿ ಇಲ್ಲ. ಒಂದು ವಾರ ಕಳೆಯಿತು. ಮಾರ್ಚ್ 3ರಂದು, ಆಗಲೇ ಗವರ್ನರ್ ಕುರ್ಚಿಯಲ್ಲಿದ್ದ ಕ್ಲೆಮೆಂಟ್ಸ್ ಪತ್ರಕರ್ತರ ಮುಂದೆ ಒಪ್ಪಿಕೊಂಡರು. ಹಣ ಹೋಗುವುದು ತಮಗೂ ಮಂಡಳಿಯ ಇನ್ನು ಕೆಲವರಿಗೂ ಗೊತ್ತಿತ್ತು, ಮುಂದುವರಿಸಲು ಒಪ್ಪಿದ್ದೂ ನಿಜ, ನಿಧಾನಕ್ಕೆ ನಿಲ್ಲಿಸುವ ಇರಾದೆ ಇತ್ತು. ಹಾಗಾದರೆ ಮುಂಚೆ ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದಾಗ, ಆಗ ಆ ಕೋಣೆಯಲ್ಲಿ ಬೈಬಲ್ ಇರಲಿಲ್ಲವಲ್ಲ ಎಂಬರ್ಥದ ಉತ್ತರ ಬಂತು. ಪ್ರಮಾಣ ಮಾಡಿ ಹೇಳಿದ್ದರೆ ಮಾತ್ರ ಸುಳ್ಳು ಸುಳ್ಳು ಎಂದಂತಾಯಿತು. ಚರ್ಚಿನ ಹೆಸರು ಹೊತ್ತ ವಿಶ್ವವಿದ್ಯಾಲಯವೊಂದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದವರ ಮಾತು ಅದು.

ಆ ಚರ್ಚಿನ ಬಿಷಪ್‌ಗಳು ತಮ್ಮದೇ ತನಿಖೆ ನಡೆಸಿ ಜೂನ್‌ನಲ್ಲಿ ವರದಿ ಕೊಟ್ಟರು. ಇಡೀ ಪ್ರಕರಣದಲ್ಲಿ ಮೇಲಿನವರ ಬಾಗಿಲು ತಟ್ಟಿದ ತನಿಖೆ ಎಂದರೆ ಅದೊಂದೇ. ಪ್ರೆಸಿಡೆಂಟ್ ಶೀಲ್ಡ್ಸ್‌ಗೆ ವಿಷಯ ತಿಳಿದಾಗ, ನೀವು ಇದರಿಂದ ದೂರ ಇರಿ ಎಂದು ಕ್ಲೆಮೆಂಟ್ಸ್ ಶೀಲ್ಡ್ಸ್‌ಗೆ ಹೇಳಿದ್ದು, ಮಂಡಳಿಯ ಕೆಲವೇ ಮಂದಿ ಉಳಿದವರಿಗೆ ತಿಳಿಸದೆ ಸಂಸ್ಥೆ ನಡೆಸುತ್ತಿದ್ದದ್ದು ಅಲ್ಲಿ ದಾಖಲಾಯಿತು. ಹಿಚ್, ಕಾಲಿನ್ಸ್, ಪಾರ್ಕರ್ ಮೂವರಿಗೆ ಹುದ್ದೆ ಬಿಡುವಾಗ ಸಿಕ್ಕ ಒಪ್ಪಂದದ ಮೊತ್ತ ಎಂಟು ಲಕ್ಷ ಡಾಲರ್ ದಾಟಿತ್ತು. ಆಟಗಾರರಿಗೆ ಒಂದೂವರೆ ವರ್ಷದಲ್ಲಿ ಹೋದದ್ದು 61,000. ತಪ್ಪು ಮಾಡಿ ಹೊರಹೋಗುವವರಿಗೆ ತಪ್ಪಿನ ಹತ್ತು ಪಟ್ಟಿಗೂ ಮೀರಿದ ಹಣ ಯಾಕೆ ಕೊಡಬೇಕು? ಆಟಗಾರರ ಬಾಯಿಗೆ ಹಾಕಿದ್ದ ಬೀಗದ ಬೆಲೆ ಗೊತ್ತಿದ್ದರೆ, ಅಧಿಕಾರಿಗಳ ಬಾಯಿಯ ಬೆಲೆ ಊಹಿಸುವುದು ಕಷ್ಟವಲ್ಲ. ನನ್ನ ಅಭಿಪ್ರಾಯದಲ್ಲಿ ಪ್ರಕರಣದ ಅತಿ ದೊಡ್ಡ ಅನುಚಿತ ಪಾವತಿ ಇದೇ. ನಿಯಮಪುಸ್ತಕದಲ್ಲಿ ಅದಕ್ಕೊಂದು ಕಲಮೇ ಇರಲಿಲ್ಲ.

ಬೆಲೆ ತೆತ್ತವರು

ಕ್ಲೆಮೆಂಟ್ಸ್ ಕ್ಷಮೆ ಕೇಳಿದರು, ಗವರ್ನರ್ ಅವಧಿಯನ್ನು 1991ರ ಜನವರಿವರೆಗೆ ಪೂರ್ತಿ ಮುಗಿಸಿದರು. ಆ ಮಂಡಳಿ ರದ್ದಾಗಿ ಆಡಳಿತದ ರಚನೆ ಬದಲಾಯಿತು. ಡ್ಯೂಕ್ ವಿಶ್ವವಿದ್ಯಾಲಯದಿಂದ ಕೆನೆತ್ ಪೈ ಹೊಸ ಪ್ರೆಸಿಡೆಂಟ್ ಆಗಿ ಬಂದು ಓದಿನ ಗುಣಮಟ್ಟ, ಕ್ರೀಡೆಯ ಖರ್ಚು ಎರಡಕ್ಕೂ ಕಟ್ಟುನಿಟ್ಟು ತಂದರು. ನಿಯಮ ಮುರಿದು ಕಾಲೇಜಿಗೆ ನಷ್ಟ ತಂದವರಿಂದ ಪರಿಹಾರ ಕೇಳಲು ದಾರಿ ಮಾಡುವ ಕಾನೂನೂ ಅದೇ ವರ್ಷ ಟೆಕ್ಸಸ್‌ನಲ್ಲಿ ಬಂತು. ಇವೆಲ್ಲ ಒಳ್ಳೆಯವೇ.

ಮೈದಾನದ ಕಥೆ ಬೇರೆ. ತಂಡ ರದ್ದಾದ ಸುದ್ದಿ ಬಂದದ್ದೇ ತಡ, ದೇಶದ ಮೂಲೆಮೂಲೆಯ ಕಾಲೇಜುಗಳ ಕೋಚ್‌ಗಳು ಎಸ್‌ಎಂಯು ಆವರಣಕ್ಕೆ ಬಂದಿಳಿದರು. ಒಂದು ಡಾಲರೂ ಮುಟ್ಟದ ಹುಡುಗರೂ ರಾತ್ರೋರಾತ್ರಿ ಊರು, ಓದು, ಗೆಳೆಯರನ್ನು ಬಿಟ್ಟು ಹೊರಡಬೇಕಾಯಿತು. ಹೋಗಲಾಗದವರು ಆಟ ಬಿಟ್ಟು ಓದಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತೇವಲ್ಲ, ಅದರ ತದ್ರೂಪು ಇಲ್ಲಿದೆ.

1989ರಲ್ಲಿ ತಂಡ ಮರಳಿದಾಗ ಕೋಚ್ ಆಗಿ ಬಂದವರು ಎಸ್‌ಎಂಯುವಿನದೇ ಹಳೆ ಆಟಗಾರ, ವೃತ್ತಿಪರ ಫುಟ್‌ಬಾಲಿನ ದಂತಕಥೆ ಫಾರೆಸ್ಟ್ ಗ್ರೆಗ್. ಗ್ರೀನ್ ಬೇ ಪ್ಯಾಕರ್ಸ್ ತಂಡದ ಕೋಚ್ ಹುದ್ದೆ ಬಿಟ್ಟು, ಸೋಲುವುದು ಖಚಿತ ಎಂದು ಗೊತ್ತಿದ್ದೂ ಬಂದರು. ದೊಡ್ಡ ಸ್ಟೇಡಿಯಂ ಬಿಟ್ಟು ಕ್ಯಾಂಪಸ್ಸಿನ ಹಳೆಯ ಓನ್‌ಬಿ ಮೈದಾನದಲ್ಲಿ ಆಟ. ತಂಡದ ತುಂಬ ಆಗಷ್ಟೇ ಹೈಸ್ಕೂಲು ಮುಗಿಸಿದ, ಮೈಕಟ್ಟಿನಲ್ಲೂ ಎದುರಾಳಿಗೆ ಸಾಟಿಯಿಲ್ಲದ ಹುಡುಗರು. ಮೊದಲ ಪಂದ್ಯ ರೈಸ್ ವಿರುದ್ಧ 6-35ರ ಸೋಲು. ಕನೆಕ್ಟಿಕಟ್ ವಿರುದ್ಧ ಕೊನೆಯ ಕೆಲವು ನಿಮಿಷಗಳಲ್ಲಿ ಎದ್ದು ನಿಂತು 31-30ರಿಂದ ಗೆದ್ದಾಗ ಊರೇ ಕುಣಿಯಿತು. ಅಕ್ಟೋಬರ್‌ನಲ್ಲಿ ಹ್ಯೂಸ್ಟನ್ ಅದೇ ಹುಡುಗರ ಮೇಲೆ 95 ಪಾಯಿಂಟ್ ಪೇರಿಸಿತು. ಆ ಮಕ್ಕಳಿಗೂ 1985ರ ಆ ಕೋಣೆಗೂ ಏನು ಸಂಬಂಧ? ಆಗ ಅವರಿನ್ನೂ ಹೈಸ್ಕೂಲಿನ ಬೆಂಚಿನ ಮೇಲಿದ್ದರು.

ಆಮೇಲಿನ ಇಪ್ಪತ್ತು ವರ್ಷದಲ್ಲಿ ಎಸ್‌ಎಂಯು ಸೋಲಿಗಿಂತ ಗೆಲುವು ಹೆಚ್ಚು ಕಂಡದ್ದು 1997ರಲ್ಲಿ ಮಾತ್ರ. ಸೌತ್‌ವೆಸ್ಟ್ ಕಾನ್ಫರೆನ್ಸ್ 1996ರಲ್ಲಿ ಚದುರಿಹೋಯಿತು. ಮತ್ತೊಂದು ಬೌಲ್ ಪಂದ್ಯ ಆಡಲು 2009ರವರೆಗೆ ಕಾಯಬೇಕಾಯಿತು. ಈ ಪಾಡನ್ನು ಕಂಡ ಎನ್‌ಸಿಎಎ ಮತ್ತೆ ಆ ಅಸ್ತ್ರವನ್ನು ದೊಡ್ಡ ಫುಟ್‌ಬಾಲ್ ತಂಡದ ಮೇಲೆ ಪ್ರಯೋಗಿಸಲಿಲ್ಲ. 2012ರಲ್ಲಿ ಪೆನ್ ಸ್ಟೇಟ್‌ನಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಮುಚ್ಚಿಟ್ಟ ಪ್ರಕರಣ ಬಂದಾಗಲೂ 6 ಕೋಟಿ ಡಾಲರ್ ದಂಡ, ಬೌಲ್ ನಿಷೇಧ ಹಾಕಿತೇ ಹೊರತು ತಂಡವನ್ನು ನಿಲ್ಲಿಸಲಿಲ್ಲ. ಎಸ್‌ಎಂಯು ಶಿಕ್ಷೆಯ ದೊಡ್ಡ ವೈಫಲ್ಯ ಇಲ್ಲಿದೆ ಎಂದು ನನಗನ್ನಿಸುತ್ತದೆ. ಅಂಥ ಶಿಕ್ಷೆ ಇನ್ನೊಮ್ಮೆ ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಾದ ಮೇಲೆ ಅದರ ಹೆದರಿಕೆ ಉಳಿಯಲಿಲ್ಲ. ವ್ಯಕ್ತಿಗಳನ್ನು ಹಿಡಿದು ಕೇಳುವ ಅಭ್ಯಾಸವನ್ನಂತೂ ಎನ್‌ಸಿಎಎ ಆಗ ಬೆಳೆಸಿಕೊಂಡಿರಲೇ ಇಲ್ಲ.

ಈಗ

ಹವ್ಯಾಸಿ ಎಂಬ ಆ ತಳಪಾಯ ಈಚೆಗೆ ಕುಸಿದಿದೆ. 2021ರ ಆಲ್ಸ್ಟನ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಅದೇ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಹಣ ಮಾಡಬಹುದಾಯಿತು. 2025ರ ಜೂನ್‌ನಲ್ಲಿ ‘ಹೌಸ್’ ಮೊಕದ್ದಮೆಯ ರಾಜಿ ಒಪ್ಪಂದಕ್ಕೆ ಕೋರ್ಟಿನ ಒಪ್ಪಿಗೆ ಸಿಕ್ಕಿ, ಕಾಲೇಜುಗಳೇ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ಹಂಚಬಹುದು ಎಂದಾಯಿತು. 2024ರಲ್ಲಿ ಎಸ್‌ಎಂಯು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಸೇರಿದಾಗ ಒಂಬತ್ತು ವರ್ಷ ಅಲ್ಲಿನ ಟಿವಿ ಹಣದ ಪಾಲು ಬೇಡ ಎಂದಿತು. ಆ ಕೊರತೆ ತುಂಬಲು ಧನಿಕ ಅಭಿಮಾನಿಗಳಿದ್ದರು. ಮೊದಲ ವರ್ಷವೇ ರಾಷ್ಟ್ರೀಯ ಪ್ಲೇಆಫ್‌ಗೂ ಹೋಯಿತು.

1986ರಲ್ಲಿ ಲಕೋಟೆಯಲ್ಲಿ ಹೋಗುತ್ತಿದ್ದ ಹಣ ಈಗ ಬ್ಯಾಂಕ್ ಖಾತೆಗೆ ಹೋಗುತ್ತದೆ, ಅದಕ್ಕೆ ತೆರಿಗೆ ಕಟ್ಟುತ್ತಾರೆ. ಇದು ನನಗೆ ಸಮಾಧಾನದ ಸಂಗತಿ. ಆದರೆ ಹೊಸ ವ್ಯವಸ್ಥೆಗೂ ಮಿತಿ ಇದೆ, ಮಿತಿ ಇದ್ದಲ್ಲಿ ಅದನ್ನು ದಾಟುವ ಆಸೆಯೂ ಇರುತ್ತದೆ. 600 ಡಾಲರ್ ಮೀರಿದ ಹೊರಗಿನ ಒಪ್ಪಂದಗಳನ್ನು ಆಟಗಾರರು ವರದಿ ಮಾಡಬೇಕು, ಅವು ನಿಜವಾದ ವ್ಯವಹಾರವೋ ಬೂಸ್ಟರ್ ಕೊಟ್ಟ ಮುಚ್ಚಿದ ಸಂಬಳವೋ ಎಂದು ಪರೀಕ್ಷೆ ಆಗಬೇಕು. ಮತ್ತೆ ಲೆಕ್ಕ ಕೊಡಬೇಕಾದವನು ಹತ್ತೊಂಬತ್ತರ ಹುಡುಗ. ಎಸ್‌ಎಂಯು ಪ್ರಕರಣ ಓದಿದವನಾಗಿ ನಾನು ಕೇಳುವುದು ಇಷ್ಟು: ಪ್ರತಿ ವರ್ಷ ಪ್ರತಿ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು, ಈ ಮಿತಿಯ ಹೊರಗೆ ಹಣ ಹೋಗಿಲ್ಲ ಎಂಬ ಪ್ರಮಾಣಪತ್ರಕ್ಕೆ ಖುದ್ದಾಗಿ ಸಹಿ ಹಾಕಲಿ. ಅದು ಸುಳ್ಳೆಂದು ಸಾಬೀತಾದ ದಿನ ಮಂಡಳಿಯಿಂದ ಹೊರಹೋಗಲಿ, ಹೋಗುವಾಗ ಯಾರಿಗೂ ಒಪ್ಪಂದದ ಹಣ ಬೇಡ. ತಂಡ ಮಾತ್ರ ಶನಿವಾರ ಮೈದಾನಕ್ಕೆ ಇಳಿಯಲಿ.